ಕಂಪ್ಯೂಟರನ್ನು ಬೈಯುವ ಮುನ್ನ

ಸಿಡ್ನಿ, ಮೆಲ್ಬರ್ನ್ ಮನೆಗಳಲ್ಲಿ ಇಂಟರ್ನೆಟ್ ಪದೇ ಪದೇ ಕೈಕೊಟ್ಟರೆ ಮೊದಲ ಗುಮಾನಿ ಕಂಪ್ಯೂಟರಿನ ಮೇಲೆ. ವಿಂಡೋಸ್ ಮತ್ತೆ ಹಾಕುವುದು, ಹೊಸ ಲ್ಯಾಪ್‌ಟಾಪ್ ತರುವುದು ಆಮೇಲಿರಲಿ. ಮೊದಲು ರೂಟರಿನಿಂದ ನೇರವಾಗಿ ಈಥರ್ನೆಟ್ ಕೇಬಲ್ ಸಿಕ್ಕಿಸಿ ನೋಡಿ. ಆಗ ಸಂಪರ್ಕ ಗಟ್ಟಿಯಾಗಿ ನಿಂತರೆ ತೊಂದರೆ ವೈಫೈಯಲ್ಲಿದೆ. 5 ಗಿಗಾಹರ್ಟ್ಸ್ ಅಲೆ ಇಟ್ಟಿಗೆ ಗೋಡೆಗಳೆದುರು ಬೇಗ ಸೊರಗುತ್ತದೆ, 2.4 ದೂರ ಹೋದರೂ ಅಪಾರ್ಟ್‌ಮೆಂಟುಗಳಲ್ಲಿ ನೆರೆಯವರ ರೂಟರುಗಳ ಗದ್ದಲಕ್ಕೆ ಸಿಲುಕುತ್ತದೆ. ‘ಫೋನಿನಲ್ಲಿ ಚೆನ್ನಾಗಿ ಬರುತ್ತಲ್ಲ, ಹಾಗಾದರೆ ಕಂಪ್ಯೂಟರೇ ಕೆಟ್ಟಿದೆ’ ಎನ್ನುವವರಿದ್ದಾರೆ. ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳಿರಬಹುದು. ಅದನ್ನು ಆಫ್ ಮಾಡಿದ ಮೇಲಷ್ಟೇ ಆ ಸಾಕ್ಷಿಗೆ ಬೆಲೆ.

ಕೇಬಲ್ ಹಾಕಿದರೂ, ಎಲ್ಲ ಸಾಧನಗಳಲ್ಲೂ ಒಟ್ಟಿಗೇ ಕಡಿದುಹೋದರೆ ರೂಟರನ್ನೋ ಹೊರಗಿನ ತಂತಿಯನ್ನೋ ಶಂಕಿಸಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲವಾದ ಎನ್‌ಬಿಎನ್ 2009ರಲ್ಲಿ ಹುಟ್ಟಿದಾಗ ಬಹುತೇಕ ಮನೆಗಳಿಗೆ ಫೈಬರ್ ಎಂಬ ಯೋಜನೆಯಿತ್ತು. 2013ರಲ್ಲಿ ಸರ್ಕಾರ ಬದಲಾದ ಮೇಲೆ ಎಷ್ಟೋ ಬಡಾವಣೆಗಳಿಗೆ ಬೀದಿಬದಿಯ ಪೆಟ್ಟಿಗೆಯವರೆಗೆ ಮಾತ್ರ ಫೈಬರ್, ಅಲ್ಲಿಂದ ಹಳೆಯ ತಾಮ್ರದ ತಂತಿ. ಅದರ ಜೋಡಣೆಗೆ ನೀರು ಸೇರಿದರೆ ಮಳೆ ಬಂದಾಗಲೆಲ್ಲ ಸಂಪರ್ಕ ಹೋಗುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಲ್ಲ ಎಂದರೆ, ಹೋಗುತ್ತದೆ, ಮುಂದಿನ ಮಳೆಯವರೆಗೆ! ಇಂಥ ಮನೆಯಲ್ಲಿ ಉಳಿದ ಫೋನ್ ಸಾಕೆಟ್ಟುಗಳಿಗೆ ಸಿಕ್ಕಿಸಿದ್ದನ್ನೆಲ್ಲ ತೆಗೆದು ಇನ್ನೊಮ್ಮೆ ಪರೀಕ್ಷಿಸಿ. ಗೋಡೆಯೊಳಗಿನ ವೈರಿಗೆ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಹೋಗಬೇಡಿ; ಇಲ್ಲಿ ಆ ಕೆಲಸ ನೋಂದಾಯಿತ ಕೇಬಲರ್‌ಗೇ ಮೀಸಲು. ಕಡಿದ ಹೊತ್ತು, ರೂಟರಿನ ದೀಪದ ಬಣ್ಣ, ಹವಾಮಾನ ಬರೆದಿಟ್ಟುಕೊಂಡು ನಿಮಗೆ ಬಿಲ್ ಕಳಿಸುವ ಕಂಪನಿಗೇ ದೂರು ಕೊಡಿ. ಅವರು ಕೈಚೆಲ್ಲಿದರೆ ಟೆಲಿಕಮ್ಯುನಿಕೇಷನ್ಸ್ ಇಂಡಸ್ಟ್ರಿ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ದೂರಿಗೆ ಶುಲ್ಕವಿಲ್ಲ.