ಸಿಗರೇಟು ಬಿಡಿಸುವ ಆ್ಯಪ್ ಮಾಡುತ್ತೀರಾ? ಇಲ್ಲಿವೆ ಎಂಟು ಸೂತ್ರಗಳು

ಸಿಗರೇಟು, ಬೀಡಿ ಬಿಡಬೇಕೆನ್ನುವವರಿಗೆ ನಮ್ಮಲ್ಲಿ ನೆರವು ಇದೆ. 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ 2016ರಲ್ಲೇ ಶುರುವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ತೆರೆದ ಮೇಲೆ ಕನ್ನಡದಲ್ಲೇ ಮಾತಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ಹಲವು ಜಿಲ್ಲಾಸ್ಪತ್ರೆಗಳಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿವೆ. ಸೇದುವವರು ಅಲ್ಲಿಯವರೆಗೆ ಹೋಗುತ್ತಿಲ್ಲ, ಅಷ್ಟೇ. ಆ್ಯಪ್ ಅವರನ್ನು ಅಲ್ಲಿಗೆ ತಲುಪಿಸಿದರೆ ಸಾಕು, ತಾನೇ ವೈದ್ಯನಾಗಬೇಕಿಲ್ಲ.

1. ಮೊದಲ ಸ್ಕ್ರೀನಿನಲ್ಲೇ ಕರೆಯ ಬಟನ್ ಇಡಿ
ಸಹಾಯವಾಣಿಯ ಸಂಖ್ಯೆ 2018ರ ಸೆಪ್ಟೆಂಬರ್‌ನಿಂದ ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗುತ್ತಿದೆ. ಆದರೆ ಯಾವುದಾದರೂ ಗೂಡಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಬಿಡಿಯಾಗಿ ಮಾರುವುದಕ್ಕೆ ರಾಜ್ಯದಲ್ಲಿ ನಿಷೇಧವಿದ್ದರೂ ಬಹಳ ಮಂದಿ ಕೊಳ್ಳುವುದು ಒಂದೇ ಒಂದು ಸಿಗರೇಟು. ಅಂಗಡಿಯಲ್ಲಿ ದಾರಕ್ಕೆ ಕಟ್ಟಿದ ಲೈಟರ್‌ನಲ್ಲಿ ಹಚ್ಚಿಕೊಂಡು, ಟೀ ಲೋಟ ಹಿಡಿದು ಪಕ್ಕಕ್ಕೆ ಸರಿಯುತ್ತಾರೆ. ಪ್ಯಾಕು ಅಂಗಡಿಯವನ ಹತ್ತಿರವೇ ಉಳಿಯುತ್ತದೆ. ಸಂಖ್ಯೆ ಬೇಕಾದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನಿಮ್ಮ ಆ್ಯಪ್‌ನಲ್ಲೂ ಹಾಗಾಗಬಾರದು. ಹೆಸರು, ಇಮೇಲ್, ಓಟಿಪಿ ಏನನ್ನೂ ಕೇಳುವ ಮೊದಲೇ ಒಂದು ಒತ್ತಿಗೆ ಕರೆ ಹೋಗಬೇಕು.

2. ಎರಡೇ ಪ್ರಶ್ನೆ ಸಾಕು
ದಿನಕ್ಕೆ ಎಷ್ಟು ಸೇದುತ್ತೀರಿ? ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ? ನಿಕೋಟಿನ್ ಅವಲಂಬನೆ ಅಳೆಯುವ ಫಾಗರ್‌ಸ್ಟ್ರಾಮ್ ಪ್ರಶ್ನಾವಳಿಯಲ್ಲಿ ಹೆಚ್ಚು ಅಂಕ ಇರುವುದು ಈ ಎರಡಕ್ಕೇ. ಎದ್ದ ಐದು ನಿಮಿಷದೊಳಗೆ ಸಿಗರೇಟು ಬೇಕೆನ್ನುವವರಿಗೆ ಧೈರ್ಯದ ಮಾತೊಂದೇ ಸಾಲದು. ನಿಕೋಟಿನ್ ಗಮ್, ಪ್ಯಾಚ್, ಔಷಧಗಳ ಬಗ್ಗೆ ವೈದ್ಯರನ್ನು ಕೇಳಿ ಎಂದು ತಿಳಿಸಿ, ಹತ್ತಿರದ ಕೇಂದ್ರದ ವಿಳಾಸವನ್ನು ಅಲ್ಲೇ ತೋರಿಸಿ.

3. ಸಹಾಯವಾಣಿ ಮುಚ್ಚಿದ ಹೊತ್ತಿಗೂ ಏರ್ಪಾಡು ಇರಲಿ
ಇದನ್ನೇ ಹೆಚ್ಚಿನವರು ಕಡೆಗಣಿಸುತ್ತಾರೆ. ಸಹಾಯವಾಣಿ ಕೆಲಸ ಮಾಡುವುದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ಊಟ ಮುಗಿಸಿ ರಾತ್ರಿ ಹತ್ತಕ್ಕೆ ಕೈ ಚಡಪಡಿಸುವವರ ಗತಿಯೇನು? "ಸೇವೆ ಲಭ್ಯವಿಲ್ಲ" ಎಂದರೆ ಅವರು ನೇರ ಅಂಗಡಿಗೇ ಹೋಗುತ್ತಾರೆ. "ಈಗಲೇ ಸೇದಬೇಕೆನಿಸುತ್ತಿದೆ" ಎಂಬ ಬಟನ್ ಕೊಡಿ. ಒಂದೊಂದು ಸಲದ ತುಡಿತ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತನ್ನು ದಾಟಿಸಬೇಕು. ಐದು ನಿಮಿಷದ ಟೈಮರ್ ಓಡಲಿ, ಜೊತೆಗೆ ಕನ್ನಡದ ದನಿಯೊಂದು ಹೇಳಲಿ: "ನಿಧಾನಕ್ಕೆ ಉಸಿರೆಳೆದುಕೊಳ್ಳಿ. ಒಂದು ಲೋಟ ನೀರು ಕುಡಿಯಿರಿ. ಕೂತಲ್ಲಿಂದ ಎದ್ದು ನಾಲ್ಕು ಹೆಜ್ಜೆ ಹಾಕಿ." ಕೊನೆಗೆ ಒಂದೇ ಪ್ರಶ್ನೆ: "ಸಹಾಯವಾಣಿ ತೆರೆದ ಕೂಡಲೇ ನೆನಪಿಸಲೇ?" ಸಮಯ, ರಜೆ ಮುಂದೆ ಬದಲಾಗಬಹುದು, ಅವನ್ನು ಸರ್ವರ್‌ನಲ್ಲಿಡಿ, ಕೋಡಿನೊಳಗೆ ಬರೆದು ಕೂರಿಸಬೇಡಿ.

4. ಮೊದಲ ವಾರ ಕೈ ಬಿಡಬೇಡಿ
ಸಿಟ್ಟು, ನಿದ್ದೆಗೇಡು, ಏಕಾಗ್ರತೆ ಇಲ್ಲದಿರುವುದು, ಹಸಿವು ಎಲ್ಲ ಜೋರಾಗುವುದು ಆಗಲೇ. ಬಹುತೇಕರಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಇದನ್ನು ಮೊದಲೇ ಹೇಳಿಬಿಡಿ. ದಿನವೂ ಸಂದೇಶ ಹೋಗಲಿ, ಆಮೇಲೆ ವಾರಕ್ಕೊಂದು ಸಾಕು.

5. ಮತ್ತೆ ಸೇದಿದವರನ್ನು ಸೊನ್ನೆಗೆ ಇಳಿಸಬೇಡಿ
ಹನ್ನೊಂದು ದಿನ ಬಿಟ್ಟಿದ್ದವರು ಮದುವೆ ಮನೆಯಲ್ಲಿ ಗೆಳೆಯರ ಜೊತೆ ಒಂದು ಸೇದುತ್ತಾರೆ. ನಿಮ್ಮ ಕೌಂಟರ್ ಕೂಡಲೇ "0 ದಿನ" ಎಂದರೆ ಅವರು ಆ್ಯಪ್ ಅಳಿಸುತ್ತಾರೆ. ಹನ್ನೊಂದು ದಿನ ಬಿಟ್ಟಿದ್ದು ಸುಳ್ಳಲ್ಲವಲ್ಲ! ಆ ಲೆಕ್ಕ ಉಳಿಸಿ. ಎಲ್ಲಿ, ಯಾರ ಜೊತೆ ಎಂದು ಕೇಳಿ, ಅಲ್ಲೇ ಮತ್ತೆ ಕರೆಯ ಬಟನ್ ತೋರಿಸಿ. ಚಟ ಬಿಡುವವರಲ್ಲಿ ಬಹಳ ಮಂದಿ ಹಲವು ಸಲ ಪ್ರಯತ್ನಿಸಿಯೇ ಗೆಲ್ಲುವುದು.

6. ಸೊಪ್ಪು ಹಾಕುವವರನ್ನೂ ಸೇರಿಸಿಕೊಳ್ಳಿ
2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇ 8.8, ಗುಟ್ಕಾ, ಹೊಗೆಸೊಪ್ಪಿನಂಥ ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಎರಡೂ ಚಟ ಇರುವವರು ಸಿಗರೇಟು ಬಿಟ್ಟು ಸೊಪ್ಪು ಹೆಚ್ಚಿಸಿಕೊಂಡರೆ ಏನು ಬಂತು? ಆ್ಯಪ್ ಹಾಕಿಕೊಳ್ಳಲಾಗದ ಕೀಪ್ಯಾಡ್ ಫೋನಿನವರನ್ನೂ ಬಿಡಬೇಡಿ, ಅವರಿಗೆ ಇದೇ ಸಂದೇಶಗಳು ಎಸ್ಸೆಮ್ಮೆಸ್‌ನಲ್ಲಿ ಹೋಗಲಿ. ತಂಬಾಕು ಬಿಡಲು ಮೊಬೈಲ್ ಸಂದೇಶಗಳಿಂದ ನೆರವಾಗುವ ಸರ್ಕಾರದ ಎಂ-ಸೆಸೇಶನ್ ಯೋಜನೆ 2016ರಿಂದ ಹಿಡಿದ ದಾರಿ ಅದೇ.

7. ಗುಟ್ಟು ಕಾಯಿರಿ
ಮನೆಯವರಿಗೆ ತಿಳಿಯದಂತೆ ಸೇದುವವರು, ಅದರಲ್ಲೂ ಹೆಣ್ಣುಮಕ್ಕಳು, ನೆರವನ್ನೂ ಗುಟ್ಟಾಗಿಯೇ ಹುಡುಕುತ್ತಾರೆ. ಲಾಕ್ ಸ್ಕ್ರೀನಿನ ನೋಟಿಫಿಕೇಶನ್‌ನಲ್ಲಿ ಸಿಗರೇಟಿನ ಮಾತೇ ಬೇಡ; "ಇವತ್ತಿನ ಸಂದೇಶ ಬಂದಿದೆ" ಎಂದರೆ ಸಾಕು. ಬಳಕೆದಾರರ ಮಾಹಿತಿ ವಿಮೆ ಕಂಪನಿಗಾಗಲೀ ಜಾಹೀರಾತುದಾರರಿಗಾಗಲೀ ಹೋಗಕೂಡದು. ಇದರಲ್ಲಿ ರಾಜಿಯಿಲ್ಲ.

8. ಡೌನ್‌ಲೋಡ್ ಲೆಕ್ಕಕ್ಕೆ ಮರುಳಾಗಬೇಡಿ
ಎಷ್ಟು ಜನ ಕರೆ ಮಾಡಿದರು, ಎಷ್ಟು ಜನಕ್ಕೆ ಸಮಾಲೋಚಕರು ಸಿಕ್ಕರು, ಎಷ್ಟು ಜನ ಎರಡನೇ ಸಲವೂ ಮಾತಾಡಿದರು, ಆರು ತಿಂಗಳಾದ ಮೇಲೂ ಸೇದದೆ ಇರುವವರೆಷ್ಟು ಎಂದು ನೋಡಿ. ಕೊನೆಯ ಲೆಕ್ಕ ಸಣ್ಣದಾಗಿಯೇ ಇರುತ್ತದೆ. ಅದನ್ನು ಮುಚ್ಚಿಡದೆ ಪ್ರಕಟಿಸಿ, ಎಲ್ಲಿ ಜನ ಕೈಬಿಟ್ಟರೋ ಆ ಸ್ಕ್ರೀನನ್ನು ಮೊದಲು ತಿದ್ದಿ.