ದೂರದ ಗೆಲಾಕ್ಸಿಗಳ ಪ್ರಭಾವಲಯ

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಚಳಿಗಾಲದ ಮುಂಜಾನೆ ಮಂಜು ಕವಿದಾಗ ಬೀದಿದೀಪದ ಸುತ್ತ ಬೆಳಕಿನ ಬಳೆಯೊಂದು ಕಾಣುತ್ತದೆ. ನೋಡುವವರ ಕನ್ನಡಕದ ಗಾಜು ಮಸುಕಾಗಿದ್ದರೂ ಅಂತಹುದೇ ಬಳೆ ತೋರುತ್ತದೆ. ಮೊದಲನೆಯದಕ್ಕೆ ಕಾರಣ ಮಂಜು; ಎರಡನೆಯದಕ್ಕೆ ಕನ್ನಡಕ. ಖಗೋಳ ವಿಜ್ಞಾನಿಗಳಿಗೂ ಇದೇ ಸಮಸ್ಯೆ ಎದುರಾಗಿದೆ.

ಕೆಲವು ಗೆಲಾಕ್ಸಿಗಳ ಕೇಂದ್ರದಲ್ಲಿ ಭಾರಿ ಕೃಷ್ಣವಿವರವೊಂದು ಸುತ್ತಲಿನ ದ್ರವ್ಯವನ್ನು ಸೆಳೆದುಕೊಳ್ಳುತ್ತಿರುತ್ತದೆ. ಇವು ಸಕ್ರಿಯ ಗೆಲಾಕ್ಸಿಗಳು. ಇವುಗಳಲ್ಲಿ ಕೆಲವು ಸೂಸುವ ಅತಿಶಕ್ತ ಗಾಮಾ ಕಿರಣಗಳು ದಾರಿಯಲ್ಲಿ ನಕ್ಷತ್ರಗಳ ಬೆಳಕಿನ ಕಣಗಳನ್ನು ತಾಗಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಜೋಡಿಗಳಾಗುತ್ತವೆ. ಈ ಜೋಡಿಗಳು ವಿಶ್ವವನ್ನೆಲ್ಲ ತುಂಬಿರುವ ಸೂಕ್ಷ್ಮತರಂಗ ವಿಕಿರಣಕ್ಕೆ ತಮ್ಮ ಶಕ್ತಿಯನ್ನಿತ್ತು ಹೊಸ ಗಾಮಾ ಕಿರಣಗಳನ್ನು ಹುಟ್ಟಿಸುತ್ತವೆ. ಗೆಲಾಕ್ಸಿಗಳ ನಡುವಣ ಅವಕಾಶದಲ್ಲಿ ಕಾಂತಕ್ಷೇತ್ರವಿದ್ದರೆ ಜೋಡಿಗಳ ದಾರಿ ಬಾಗುತ್ತದೆ. ಆಗ ಹೊಸ ಕಿರಣಗಳು ಗೆಲಾಕ್ಸಿಯ ಸುತ್ತಮುತ್ತಲಿನಿಂದ ಬಂದಂತೆ ತೋರಿ ಪ್ರಭಾವಲಯ ಮೂಡಬೇಕು. ಅದರ ಹರವಿನಿಂದ ಅತ್ಯಂತ ದುರ್ಬಲವಾದ ಆ ಕ್ಷೇತ್ರದ ಬಲವನ್ನು ಅಂದಾಜು ಮಾಡಬಹುದು. ವಿಶ್ವದಲ್ಲಿ ಕಾಂತತ್ವವು ಹೇಗೆ ಮೊದಲಾಯಿತೆಂಬ ಪ್ರಶ್ನೆಗೂ ಸುಳಿವು ದೊರೆಯುತ್ತದೆ.

2008ರಲ್ಲಿ ಹಾರಿಸಲಾದ ಫರ್ಮಿ ಉಪಗ್ರಹವು ತೆಗೆದ 170 ಸಕ್ರಿಯ ಗೆಲಾಕ್ಸಿಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಪರಿಶೀಲಿಸಿದ ಅಂಡೋ ಮತ್ತು ಕುಸೆಂಕೊ, ಪ್ರಭಾವಲಯದ ಕುರುಹು ಸಿಕ್ಕಿದೆಯೆಂದು 2010ರಲ್ಲಿ ಪ್ರಕಟಿಸಿದರು. ನೆರೊನೊವ್ ಮತ್ತು ಸಂಗಡಿಗರು ಅದನ್ನು ಕ್ರ್ಯಾಬ್ ನೀಹಾರಿಕೆಯ ಚಿತ್ರದೊಡನೆ ಹೋಲಿಸಿ ನೋಡಿದರು. ಕ್ರ್ಯಾಬ್ ನಮ್ಮ ಗೆಲಾಕ್ಸಿಯೊಳಗೇ, ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿದೆ. ಅದಕ್ಕೆ ಇಂತಹ ಪ್ರಭಾವಲಯವಿರಲು ಸಾಧ್ಯವಿಲ್ಲ. ಆದರೂ ಅಲ್ಲಿಯೂ ಅದೇ ಹರವು ಕಂಡಿತು. ಬಳೆ ಆಕಾಶದ್ದಲ್ಲ, ಉಪಕರಣದ್ದೆಂದು ಅವರು ತೀರ್ಮಾನಿಸಿದರು. ನಮೀಬಿಯಾದ ಹೆಸ್ ದೂರದರ್ಶಕಗಳ ತಂಡ ಮೂರು ಗೆಲಾಕ್ಸಿಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಶೋಧದಲ್ಲಿಯೂ ಪ್ರಭಾವಲಯ ಕಾಣಲಿಲ್ಲ. ಇಂತಹ ಶೋಧವೂ ವ್ಯರ್ಥವಲ್ಲ; ಕಾಂತಕ್ಷೇತ್ರದ ಬಲ ಎಷ್ಟಿರಲಾರದು ಎಂಬುದನ್ನು ಅದು ತಿಳಿಸುತ್ತದೆ.

ಗಾಮಾ ಕಿರಣಗಳ ಅಧ್ಯಯನದಲ್ಲಿ ಹೈದರಾಬಾದಿಗೂ ಪಾಲುಂಟು. ಭಾಭಾ ಪರಮಾಣು ಸಂಶೋಧನ ಕೇಂದ್ರದ 21 ಮೀಟರ್ ವ್ಯಾಸದ ಮೇಸ್ ದೂರದರ್ಶಕವನ್ನು ನಿರ್ಮಿಸಿದ್ದು ಈ ನಗರದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆ. ಗಾಮಾ ಕಿರಣಗಳು ವಾಯುಮಂಡಲದಲ್ಲಿ ಎಬ್ಬಿಸುವ ಕ್ಷಣಮಾತ್ರದ ಮಂದ ನೀಲಿ ಬೆಳಕನ್ನು ಹಿಡಿಯಲು ಕತ್ತಲೆಯ ಆಕಾಶ ಬೇಕು. ದೀಪಗಳಿಂದ ತುಂಬಿದ ನಗರದಲ್ಲಿ ಅದು ದೊರೆಯದು. ಆದುದರಿಂದ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ ಸ್ಥಾಪಿಸಲಾಯಿತು. 2024ರ ಅಕ್ಟೋಬರ್ 4ರಂದು ಅದು ಉದ್ಘಾಟನೆಗೊಂಡಿತು.

ಇಂತಹ ದೂರದರ್ಶಕಗಳನ್ನು ಕ್ರ್ಯಾಬ್ ನೀಹಾರಿಕೆಯತ್ತ ತಿರುಗಿಸಿ ಪರೀಕ್ಷಿಸುವುದು ರೂಢಿ. ಮಂಜನ್ನು ಅಳೆಯುವ ಮುನ್ನ ಕನ್ನಡಕವನ್ನು ಪರೀಕ್ಷಿಸಿಕೊಳ್ಳಬೇಕೆಂಬುದೇ ಅದರ ತಾತ್ಪರ್ಯ.