ಗೋಡೆ ಮೇಲಿನ ಕೆಂಪು ಗೀಟು ಆದೇಶವಲ್ಲ

ಬಜಾರಿನ ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ನಮ್ಮ ಊರುಗಳಿಗೆ ಕಾಗದಕ್ಕಿಂತ ಮೊದಲು ಬಣ್ಣದಲ್ಲಿ ಬರುತ್ತದೆ. ಇಬ್ಬರು ಟೇಪು ಹಿಡಿದು ಬರುತ್ತಾರೆ, ರಸ್ತೆ ನಡುವಿನಿಂದ ಇಷ್ಟು ಮೀಟರ್ ಎಂದು ಅಳೆಯುತ್ತಾರೆ, ಅಂಗಡಿ ಗೋಡೆಗೆ ಕೆಂಪು ಗೀಟು ಎಳೆದು ಹೋಗುತ್ತಾರೆ. ಅಂದಿನಿಂದ ಓಣಿಯಲ್ಲಿ ಜಗಳ ಶುರು. "ಆ ಕಡೆಯವರನ್ನ ಉಳಿಸಾಕ ಸೆಂಟರ್ ಸರಿಸ್ಯಾರ" ಎಂದು ಈ ಸಾಲಿನವರು ಎದುರು ಸಾಲಿನವರ ಮೇಲೆ ಸಿಟ್ಟಾಗುತ್ತಾರೆ. ಮಾಲೀಕರು ಬಾಡಿಗೆದಾರರಿಗೆ ಬೇಗ ಖಾಲಿ ಮಾಡಿ ಎನ್ನುತ್ತಾರೆ. ಇವರಿಬ್ಬರೂ ಸೇರಿ ಮುಂದೆ ನಿಂತ ತಳ್ಳುಗಾಡಿಯವರ ಮೇಲೆ ಬೀಳುತ್ತಾರೆ. ಕಾನೂನು ಈ ಮೂವರಿಗೂ ಬೇರೆ ಬೇರೆ ಹಕ್ಕು ಕೊಟ್ಟಿದೆ. ಒಬ್ಬರ ಹಕ್ಕು ಇನ್ನೊಬ್ಬರದನ್ನು ಕಸಿಯುವುದಿಲ್ಲ.

ವಿಜಯಪುರ ಜಿಲ್ಲೆಯ ಮನಗೂಳಿಯನ್ನೇ ತಗೊಳ್ಳಿ, ಹಳೆಯ ಊರು. ಹನ್ನೆರಡನೆಯ ಶತಮಾನದ, ಬಿಜ್ಜಳನ ಕಾಲದ ಶಾಸನ ಸಿಕ್ಕ ಜಾಗ. ಇಂದು ರಾಷ್ಟ್ರೀಯ ಹೆದ್ದಾರಿ 50ಕ್ಕೆ ಹತ್ತಿಕೊಂಡಿದೆ, ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂದಿದೆ. ಇಂಥ ಊರಿನ ಹಳೆ ಪೇಟೆ ಬೀದಿಯಲ್ಲಿ ಒಂದು ಮಾಳಿಗೆ ಮನೆಯ ಮುಂದೆ ನಿಂತು ನೋಡಿ. ಹಿಂದೆ ಸಂಸಾರ, ಮುಂದೆ ಅಂಗಡಿ. ಅಂಗಡಿ ಮುಂದೆ ಕಟ್ಟೆ, ಕಟ್ಟೆ ಮುಂದೆ ಗಟಾರ, ಗಟಾರದ ಮೇಲೆ ಹಾಸಿದ ಫರಸಿ ಕಲ್ಲು, ಅದರ ಮೇಲೆ ಪತ್ರಾಸಿನ ನೆರಳು. ಗಟಾರ ದಾಟಿ ಬಂದದ್ದು ಬಹುತೇಕ ರಸ್ತೆಯದೇ. ತಕರಾರು ಇರುವುದು ಕಟ್ಟೆಯ ಮೇಲೆ. ಅಜ್ಜನ ಕಾಲದಿಂದ ಕುಳಿತ ಕಟ್ಟೆ ನಮ್ಮದೇ ಎಂಬ ನಂಬಿಕೆಗೆ ದಾಖಲೆಯ ಬಲ ಇರಬಹುದು, ಇಲ್ಲದಿರಬಹುದು. ಸಾರ್ವಜನಿಕ ರಸ್ತೆಯ ಜಾಗವನ್ನು ಬಹುಕಾಲ ಬಳಸಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ, ಅದಕ್ಕೆ ಕರ ತುಂಬಿದ್ದರೂ ಸಹ.

ಹಾಗಾದರೆ ಮೊದಲು ತಿಳಿಯಬೇಕಾದದ್ದು, ಈ ರಸ್ತೆ ಯಾರದು? ರಾಷ್ಟ್ರೀಯ ಹೆದ್ದಾರಿಯಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ ಮತ್ತು 1964ರ ಕರ್ನಾಟಕ ಹೆದ್ದಾರಿ ಕಾಯ್ದೆ, ಊರೊಳಗಿನ ಬೀದಿಯಾದರೆ ಪಟ್ಟಣ ಪಂಚಾಯಿತಿ ಮತ್ತು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಬಜಾರಿಗೂ ಲೆಕ್ಕ ಇದೇ. ತಪ್ಪು ಕಚೇರಿಗೆ ಅಲೆಯುತ್ತ ತಕರಾರಿನ ಅವಧಿ ಕಳೆದುಕೊಂಡರೆ ಮತ್ತೆ ಸಿಗುವುದು ಕಷ್ಟ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೇಳಬೇಕಾದದ್ದೂ ಅಷ್ಟೇ: ಈ ರಸ್ತೆಯ ಅಗಲ ದಾಖಲೆಯಲ್ಲಿ ಎಷ್ಟಿದೆ, ಆ ನಕ್ಷೆಯ ದೃಢೀಕೃತ ಪ್ರತಿ ಕೊಡಿ, ಅಗಲೀಕರಣದ ಮಂಜೂರಾತಿ ಆದೇಶದ ಪ್ರತಿ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬಜಾರಿನ ಹತ್ತು ಮಂದಿ ಸೇರಿ ಯೋಚಿಸಿ ಒಬ್ಬರ ಹೆಸರಲ್ಲಿ ಹಾಕಿದರೂ ಸಾಕು, ನಕ್ಷೆ ಎಲ್ಲರಿಗೂ ಒಂದೇ.

ನಕ್ಷೆಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಎಂಬುದಕ್ಕೆ ಕಾರಣ ಉತ್ತರ ಪ್ರದೇಶದ ಮಹಾರಾಜಗಂಜ್‌ನಲ್ಲಿದೆ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಹೆದ್ದಾರಿ ಅಗಲ ಮಾಡಲು ಪತ್ರಕರ್ತ ಮನೋಜ್ ಟಿಬ್ರೇವಾಲ್ ಆಕಾಶ್ ಅವರ ಪೂರ್ವಜರ ಮನೆಯನ್ನು ಕೆಡವಿದರು. ಒತ್ತುವರಿ ಎಂದು ಅಧಿಕಾರಿಗಳೇ ಹೇಳಿದ್ದು 3.70 ಮೀಟರ್, ಕೆಡವಿದ್ದು ಇಡೀ ಮನೆ. ಲಿಖಿತ ನೋಟಿಸ್ ಇರಲಿಲ್ಲ, ಡಂಗುರ ಸಾರಿದ್ದೆವು ಎಂದರು. ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ಇದನ್ನು ಒಪ್ಪಲಿಲ್ಲ. 25 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ರಸ್ತೆ ಅಗಲೀಕರಣಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕ್ರಮ ಹಾಕಿಕೊಟ್ಟು, ತೀರ್ಪಿನ ಪ್ರತಿಯನ್ನು ಎಲ್ಲ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಕಳಿಸಲು ಹೇಳಿತು. ನಮ್ಮಲ್ಲಿ ಆಟೋಗೆ ಮೈಕು ಕಟ್ಟಿ "ನಾಳಿಗೇ ತೆರವು ಮಾಡ್ಕೋರಿ" ಎಂದು ಕೂಗಿಸುವುದು ಆ ಡಂಗುರದ ಈಗಿನ ರೂಪವೇ. ಅದು ನೋಟಿಸ್ ಅಲ್ಲ.

ಆ ಕ್ರಮ ಹೀಗಿದೆ. ರಸ್ತೆಯ ಈಗಿನ ಅಗಲವನ್ನು ದಾಖಲೆ, ನಕ್ಷೆಗಳಿಂದ ಮೊದಲು ಗೊತ್ತುಮಾಡಬೇಕು. ಆ ನಕ್ಷೆ ಹಿಡಿದು ಸರ್ವೆ ಮಾಡಿ ಒತ್ತುವರಿ ಇದೆಯೇ ನೋಡಬೇಕು. ಇದ್ದರೆ ಲಿಖಿತ ನೋಟಿಸ್ ಕೊಡಬೇಕು. ನೀವು ಆಕ್ಷೇಪಿಸಿದರೆ ಕಾರಣ ಬರೆದು ತೀರ್ಮಾನಿಸಬೇಕು. ಆಕ್ಷೇಪ ತಳ್ಳಿಹಾಕಿದರೂ ನೀವೇ ತೆಗೆದುಕೊಳ್ಳಲು ಸಾಕಷ್ಟು ಕಾಲ ಕೊಡಬೇಕು. ಇರುವ ರಸ್ತೆ, ಅದಕ್ಕೆ ಹತ್ತಿದ ಸರ್ಕಾರಿ ಜಾಗ ಎರಡೂ ಸೇರಿ ಸಾಲದಿದ್ದರೆ ನಿಮ್ಮ ಜಾಗವನ್ನು ಕಾನೂನಿನಂತೆ ಭೂಸ್ವಾಧೀನ ಮಾಡಿಕೊಂಡೇ ಮುಂದುವರಿಯಬೇಕು.

ಆ ತೀರ್ಪಾದ ಒಂದು ವಾರಕ್ಕೆ, ನವೆಂಬರ್ 13ರಂದು ಸುಪ್ರೀಂ ಕೋರ್ಟೇ ಕೊಟ್ಟ 'ಬುಲ್ಡೋಜರ್' ತೀರ್ಪಿನಲ್ಲಿ 15 ದಿನದ ನೋಟಿಸ್ ಕಡ್ಡಾಯ ಎಂದಿದೆ. ಅದನ್ನೇ ನಂಬಿ ಕೂರಬೇಡಿ. ರಸ್ತೆ, ಫುಟ್‌ಪಾತ್‌ಗಳ ಮೇಲಿನ ಅನಧಿಕೃತ ಕಟ್ಟಡಕ್ಕೆ ಆ ನಿರ್ದೇಶನ ಅನ್ವಯಿಸುವುದಿಲ್ಲ. ಬಜಾರಿನವರ ಅರ್ಜಿಯಲ್ಲಿ ಇರಬೇಕಾದದ್ದು ನವೆಂಬರ್ 6ರ ತೀರ್ಪು.

ಈಗ ನಿಮ್ಮ ಕಾಗದ. ಉತಾರ, ಖರೀದಿ ಪತ್ರ, ಪಟ್ಟಣ ಪಂಚಾಯಿತಿಯ ಇ-ಆಸ್ತಿ ನಮೂನೆ-3, ಹಳೆಯ ಪಂಚಾಯಿತಿ ಕಾಲದ ನಮೂನೆ 9 ಮತ್ತು 11, ಸಿಟಿ ಸರ್ವೆ ಆಗಿದ್ದರೆ ಅದರ ನಕಾಶೆ, ಎಲ್ಲವನ್ನೂ ಒಂದೆಡೆ ಇಡಿ. ಖಾತೆ ಕರಕ್ಕೆ ಸಂಬಂಧಿಸಿದ್ದು, ಒಡೆತನ ಸಾಬೀತು ಮಾಡುವುದು ಖರೀದಿ ಪತ್ರದಂಥ ಮೂಲ ದಾಖಲೆ. ಅದರಲ್ಲಿನ ಚಕಬಂದಿಯಲ್ಲಿ ರಸ್ತೆ ಕಡೆಯ ಅಳತೆ ಏನು ಬರೆದಿದೆ ಎಂದು ಓದಿ. ತೀರಿಹೋದವರ ಹೆಸರಲ್ಲೇ ಇರುವ ಆಸ್ತಿಗೆ ವಾರಸಾ ಮಾಡಿಸಿಕೊಳ್ಳಿ, ಇಲ್ಲವಾದರೆ ಪರಿಹಾರದ ಹಣ ಅಣ್ಣತಮ್ಮಂದಿರ ಜಗಳದಲ್ಲಿ ಕೋರ್ಟಿಗೆ ಹೋಗಿ ಕೂರುತ್ತದೆ.

ಗೋಡೆ ನಿಮ್ಮ ಜಾಗದಲ್ಲೇ ಇದೆ ಎಂದು ಗೊತ್ತಾದರೆ 2013ರ ಭೂಸ್ವಾಧೀನ ಕಾಯ್ದೆ ನಿಮ್ಮ ಬೆನ್ನಿಗಿದೆ. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 60 ದಿನ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಾದರೆ 21 ದಿನ ಮಾತ್ರ. ಜಾಗದ ಬೆಲೆ, ಕಟ್ಟಡದ ಬೆಲೆ, ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನ ಲೆಕ್ಕಕ್ಕೆ ಬರುತ್ತವೆ. 2013ರ ಕಾಯ್ದೆಯಡಿ ಹಣ ಕಡಿಮೆ ಎನಿಸಿದರೆ ತಗೊಳ್ಳುವಾಗಲೇ "ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆಯಿರಿ. ಬರೆಯದೆ ತಗೊಂಡವರು ಆಮೇಲೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ. ಐತೀರ್ಪಿನ ವೇಳೆ ನೀವು ಹಾಜರಿದ್ದರೆ ಆರು ವಾರದೊಳಗೆ ಅರ್ಜಿ ಕೊಡಬೇಕು. ಇನ್ನೊಂದು ಮಾತು, ಇದನ್ನು ಕೈ ಹಿಡಿದು ಹೇಳುತ್ತಿದ್ದೇನೆ ಎಂದೇ ತಿಳಿಯಿರಿ: "ರಸ್ತೆಗೆ ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ" ಎಂದಿರುವ ಕಾಗದಕ್ಕೆ ಓದದೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಊರಿಗಾಗಿ ಬಿಡುವುದು ದೊಡ್ಡ ಮನಸ್ಸು. ಆದರೆ ಅದು ತಿಳಿದು ಮಾಡಿದ್ದಾಗಿರಬೇಕು.

ಬಾಡಿಗೆದಾರರಿಗೆ ಬರುತ್ತೇನೆ. ತಿಂಗಳ ಬಾಡಿಗೆಯ ಅಂಗಡಿಗೆ ಬೇರೆ ಕರಾರು ಇಲ್ಲದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಕೊಡಬೇಕು. ಆ ಅವಧಿ ಮುಗಿದರೂ ಮಾಲೀಕರು ತಾವೇ ಬೀಗ ಜಡಿಯುವಂತಿಲ್ಲ, ಕೋರ್ಟಿನ ಮೂಲಕವೇ ಬಿಡಿಸಿಕೊಳ್ಳಬೇಕು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಬಹುದು. ಭೂಸ್ವಾಧೀನವಾದರೆ ಮೂರು ವರ್ಷದಿಂದ ಆ ಜಾಗವನ್ನೇ ನಂಬಿ ಬದುಕಿದ ಬಾಡಿಗೆದಾರರ ಕುಟುಂಬವೂ 'ಬಾಧಿತ ಕುಟುಂಬ'ದ ವ್ಯಾಖ್ಯೆಯೊಳಗೆ ಬರುತ್ತದೆ. ಅದಕ್ಕೆ ಬಾಡಿಗೆ ಕೊಟ್ಟ ಪುರಾವೆ ಬೇಕು. ಕೈಯಿಂದ ಕೈಗೆ ಕೊಡುವ ರೂಢಿ ಬಿಟ್ಟು ಫೋನ್‌ಪೇಯಲ್ಲೋ ಪಾವತಿ ತಗೊಂಡೋ ಕೊಡಿ.

ತಳ್ಳುಗಾಡಿ, ಬುಟ್ಟಿ ವ್ಯಾಪಾರದವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಮತ್ತು ಅದು ಪಟ್ಟಣ ಪಂಚಾಯಿತಿಗೂ ಅನ್ವಯ. ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಇರುವ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಆಮೇಲೂ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಅಲ್ಲೇ ಪಟ್ಟಿ ಬರೆದು ಕೊಡಬೇಕು; ದಂಡ ಕಟ್ಟಿ ಕೇಳಿದರೆ ಕಾಯಿಪಲ್ಲೆ, ಹಣ್ಣು ಅದೇ ದಿನ, ಉಳಿದದ್ದು ಎರಡು ಕೆಲಸದ ದಿನದೊಳಗೆ ವಾಪಸ್. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು. ನಿಮ್ಮ ಊರಲ್ಲಿ ಆ ಸಮಿತಿ ಸಭೆ ಸೇರಿದ್ದು ಯಾವಾಗ ಎಂದು ಮುಖ್ಯಾಧಿಕಾರಿಯನ್ನು ಕೇಳಿ. ಐವತ್ತು ವರ್ಷ ಮೀರಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕೆಂದೂ ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ. ಹಳೆಯ ಸಂತೆಗಳ ಊರಿನವರು ಇದನ್ನು ಕೇಳಿಯೇ ಇಲ್ಲವೆಂಬುದು ನನ್ನ ಸಂಕಟ.

ಮಗ್ಗುಲ ಮನೆಯವರೊಡನೆ ಸಾಮಾನ್ಯ ಗೋಡೆ ಇದ್ದರೆ, ಕೆಡವುವ ಮೊದಲೇ ಇಬ್ಬರೂ ನಿಂತು ಬಿರುಕು, ತೊಲೆ, ಮಾಳಿಗೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮಣ್ಣಿನ ಮಾಳಿಗೆಯಲ್ಲಿ ಒಂದು ತೊಲೆ ಸರಿದರೆ ಪಕ್ಕದ ಅಂಕಣ ಕೂರುತ್ತದೆ.

ನೋಟಿಸ್ ಇಲ್ಲದೆ ಜೆಸಿಬಿ ಬಂದರೆ ಅದರ ಮುಂದೆ ಮಲಗುವುದು ಬೇಡ. ವಿಡಿಯೊ ಮಾಡಿ, ಆದೇಶದ ಪ್ರತಿ ಕೇಳಿ, ಅದೇ ಹೊತ್ತಿಗೆ ಜಿಲ್ಲಾಧಿಕಾರಿಗೆ ಇ-ಮೇಲ್ ಕಳಿಸಿ. ಸರ್ಕಾರದ ಮೇಲೆ ಸಿವಿಲ್ ದಾವೆಗೆ ಎರಡು ತಿಂಗಳ ಮುಂಚಿತ ನೋಟಿಸ್ ಬೇಕಾದರೂ ತುರ್ತಿದ್ದಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 80(2)ರಡಿ ಕೋರ್ಟಿನ ಅನುಮತಿ ಪಡೆದು ನೇರವಾಗಿ ಹೋಗಬಹುದು. ರಿಟ್ ಅರ್ಜಿ ವಿಜಯಪುರ ಜಿಲ್ಲೆಯವರಿಗೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮನಗೂಳಿಯವರು ಬಸವನ ಬಾಗೇವಾಡಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ರಸ್ತೆ ನಕ್ಷೆಗೆ ಹಾಕಿದ ಅರ್ಜಿಯ ಸ್ವೀಕೃತಿಯೂ ಜೊತೆಗಿರಲಿ. ವಕೀಲರು ಮೊದಲು ಕೇಳುವುದು ಅದನ್ನೇ.